ಬೆಟ್ಟಕ್ಕೆ ಹೊರಟ ಮುದ್ದೆಕೋಲು

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಹನ್ನೆರಡು ಗಂಟೆ ನಲವತ್ತು ನಿಮಿಷಕ್ಕೆ ನನ್ನ ಹೆಂಡತಿ ಮುದ್ದೆ ಪಾತ್ರೆಯನ್ನು ನೆಲಕ್ಕೆ ಕುಕ್ಕಿದಳು. ಸೆರಗಿನಿಂದ ಮುಖ ಒರೆಸಿಕೊಂಡು, ನನ್ನ ಕಡೆ ತಿರುಗದೆ, ಅಡುಗೆಮನೆಯ ಗೋಡೆಗೆ ಹೇಳುವವಳಂತೆ ಹೇಳಿದಳು:

"ನಾಕೇ ನಾಕು ದಿನ ಸಾಕು. ತಣ್ಣಗಿರೋ ಕಡೆ. ಒಲೆ ಮುಂದೆ ನಿಲ್ದಂಗೆ ನಾಕು ದಿನ ಇದ್ಬುಟ್ಟು ಬರಬೇಕು ಕಣ್ರೀ."

ನಿಮಿಷ ಸಹಿತ ನೆನಪಿರುವುದಕ್ಕೆ ಕಾರಣವಿದೆ. ನಾನು ಹುಣಸೂರಿನ ಬಸ್ ನಿಲ್ದಾಣದಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಕಂಟ್ರೋಲರ್ ಆಗಿದ್ದವನು. ಯಾವ ಬಸ್ಸು ಎಷ್ಟಕ್ಕೆ ಬಂತು, ಎಷ್ಟಕ್ಕೆ ಹೊರಟಿತು ಎಂದು ಕಿಟಕಿಯ ಹಿಂದೆ ಕೂತು ಬರೆಯುವುದು, ಹೊರಡದೆ ನಿಂತ ಬಸ್ಸಿಗೆ ಸೀಟಿ ಊದುವುದು ನನ್ನ ಕೆಲಸ. ಅದಕ್ಕೂ ಮೊದಲು ಹಾಸ್ಟೆಲ್ಲಿನಲ್ಲಿ ಗಂಟೆ ಹೊಡೆದಾಗ ಎದ್ದು, ಗಂಟೆ ಹೊಡೆದಾಗ ಉಂಡು ಬೆಳೆದವನು. ನಿವೃತ್ತಿಯಾದ ಮೇಲೂ ನನ್ನ ಮುದ್ದೆ ಹನ್ನೆರಡು ಮುಕ್ಕಾಲಿಗೆ ತಟ್ಟೆಯಲ್ಲಿರುತ್ತದೆ. ಇರುತ್ತದೆ ಎಂದು ಸುಲಭವಾಗಿ ಬರೆದುಬಿಟ್ಟೆ. ಅದು ತಾನಾಗಿ ಬಂದು ತಟ್ಟೆಯಲ್ಲಿ ಕೂರುವುದಿಲ್ಲ ಎಂಬುದು ಆ ಮಧ್ಯಾಹ್ನ ಹೊಳೆಯಿತು.

ಅವಳು ಕೇಳಿದ್ದು ನ್ಯಾಯವಾದ ಮಾತು. ಮದುವೆಯಾಗಿ ನಲವತ್ತೊಂದು ವರ್ಷ. ರಾವಂದೂರಿನ ತವರಿಗೆ ಹೋದರೆ "ಬಂದ್ಯಾ ಮಗಳೇ, ನಿನ್ ಕೈ ಸಾರು ತಿಂದು ಎಷ್ಟು ದಿನ ಆಯ್ತು" ಎಂದು ಸೌಟು ಕೈಗೆ ಕೊಡುತ್ತಿದ್ದರು. ನೆಂಟರ ಮದುವೆಗೆ ಹೋದರೆ ಅಡುಗೆ ಭಟ್ಟರೇ ಬಂದು ಉಪ್ಪು ನೋಡಲು ಇವಳನ್ನು ಕರೆಯುತ್ತಿದ್ದರು. ಮನೆಗೆ ಸುಣ್ಣ ಹೊಡೆಸಿದ ವಾರ ಹಿತ್ತಿಲಲ್ಲಿ ಮೂರು ಇಟ್ಟಿಗೆ ಹೂಡಿ ಅಲ್ಲಿ ಮುದ್ದೆ ತಿರುವಿದ್ದಳು. ಒಲೆಯನ್ನು ಬಿಟ್ಟು ಅವಳು ಒಂದಿಡೀ ದಿನ ಇದ್ದದ್ದು ನನಗಂತೂ ನೆನಪಿಲ್ಲ.

"ಆಯ್ತು" ಎಂದೆ. ಸಂಜೆ ಐದಕ್ಕೆ ಒಂದು ಹೊಸ ರೂಲು ಪುಸ್ತಕ ತಂದು, ಮೊದಲ ಹಾಳೆಯಲ್ಲಿ 'ಬೆಟ್ಟದ ಪ್ರವಾಸ, ಇಬ್ಬರು' ಎಂದು ಬರೆದೆ.

ಬೆಟ್ಟ ಆರಿಸುವುದಕ್ಕೇ ಮೂರು ದಿನ ಹಿಡಿಯಿತು. ಅವಳ ಮಂಡಿಗೆ ಮೆಟ್ಟಿಲು ಆಗದು. ನನ್ನ ಮಂಡಿಗೂ ಆಗದು, ಆದರೆ ನಾನು ಪುಸ್ತಕದಲ್ಲಿ ಅವಳದ್ದನ್ನು ಮಾತ್ರ ಬರೆದಿದ್ದೆ. ಬೆಟ್ಟದಪುರ ಹತ್ತಿರ, ಆದರೆ ಮೇಲಿನ ತನಕ ಮೆಟ್ಟಿಲು, ಮೇಲೆ ಹೋದರೂ ಬಿಸಿಲು. ಊಟಿಗೆ ಎರಡು ಕಡೆ ಬಸ್ಸು ಬದಲಿಸಬೇಕು, ಬದಲಿಸುವ ಬಸ್ಸು ಹೊತ್ತಿಗೆ ಬರುತ್ತದೆಂದು ನಾನು ಯಾರಿಗೂ ಭರವಸೆ ಕೊಡಲಾರೆ. ಎಚ್.ಡಿ. ಕೋಟೆ ಕಡೆ ಕಾಡಂಚಿನಲ್ಲಿ ಒಳ್ಳೊಳ್ಳೆ ವಸತಿಗಳಾಗಿವೆ, ಕೂತಲ್ಲೇ ಆನೆ ಕಾಣುತ್ತದಂತೆ ಎಂದು ಓದಿ ಹೇಳಿದೆ.

"ಆನೆ ನೋಡಕೆ ಕಾಸು ಕೊಡಬೇಕಾ? ನಮ್ಮಣ್ಣನ ಹೊಲಕ್ಕೆ ಬಿಟ್ಟಿ ಬತ್ತವೆ" ಎಂದಳು.

ಕೊನೆಗೆ ಕೊಡಗು ಎಂದಾಯಿತು. ಒಂದೇ ಬಸ್ಸು, ಪಿರಿಯಾಪಟ್ಟಣ ದಾಟಿ ಕುಶಾಲನಗರ ಕಳೆದರೆ ಗಾಳಿ ಬದಲಾಗುತ್ತದೆ. ಮಡಿಕೇರಿ ಪೇಟೆಯಲ್ಲಿ ಮೇ ತಿಂಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಆದ್ದರಿಂದ ಪೇಟೆಯಿಂದ ಆಚೆ, ಕಾಫಿ ತೋಟದ ನಡುವೆ ಯಾವುದಾದರೂ ಹೋಂಸ್ಟೇ. ದಿನಚರಿಯನ್ನೂ ಬರೆದು ತೋರಿಸಿದೆ. ಹತ್ತೂ ಹದಿನೈದರಿಂದ ಹನ್ನೊಂದರವರೆಗೆ ವಿಶ್ರಾಂತಿ. ಹನ್ನೊಂದರಿಂದ ಹನ್ನೊಂದು ಹತ್ತರವರೆಗೆ ಮಂಜು ನೋಡುವುದು.

"ಮಂಜು ಹನ್ನೊಂದೂವರೆಗೆ ಬಂದ್ರೆ?" ಎಂದು ಕೇಳಿದಳು.

ಮೇ ತಿಂಗಳಲ್ಲಿ ಆ ಹೊತ್ತಿಗೆ ಮಂಜು ಇರುತ್ತದೋ ಇಲ್ಲವೋ ನನಗೂ ಗೊತ್ತಿರಲಿಲ್ಲ. ಆ ಸಾಲನ್ನು ಹೊಡೆದುಹಾಕಿದೆ.

ಮುಂದಿನ ಕೆಲಸ ಫೋನು. ಹದಿನಾಲ್ಕು ಪ್ರಶ್ನೆಗಳ ಪಟ್ಟಿ ಮಾಡಿಕೊಂಡು ಏಳು ಹೋಂಸ್ಟೇಗಳಿಗೆ ಫೋನು ಮಾಡಿದೆ. ಮೆಟ್ಟಿಲಿದೆಯೇ, ಕೂರುವ ಪಾಯಿಖಾನೆಯೇ, ಬಿಸಿನೀರು ಎಷ್ಟು ಗಂಟೆಗೆ, ನಾಯಿ ಕಟ್ಟಿರುತ್ತೀರೋ ಬಿಟ್ಟಿರುತ್ತೀರೋ. ಎಂಟನೆಯ ಪ್ರಶ್ನೆಯವರೆಗೆ ಎಲ್ಲರೂ ಮರ್ಯಾದೆಯಿಂದ ಉತ್ತರ ಕೊಟ್ಟರು. ಒಂಬತ್ತನೆಯದು, ಮಧ್ಯಾಹ್ನ ಮುದ್ದೆ ಸಿಗುತ್ತದೆಯೇ. ಅಲ್ಲಿಗೆ ಬಂದ ಕೂಡಲೇ ಆ ಕಡೆಯಿಂದ ಅಕ್ಕಿ ರೊಟ್ಟಿ, ಕಡುಬು, ನೂಪುಟ್ಟು ಎಂದು ಪಟ್ಟಿ ಶುರು. ಒಬ್ಬರು "ಮುದ್ದೆ ತಿನ್ನಲಿಕ್ಕೆ ನೀವು ಇಲ್ಲಿವರೆಗೆ ಯಾಕೆ ಬರ್ತೀರಿ ಮಾರಾಯ್ರೇ?" ಎಂದೇ ಕೇಳಿದರು. ನಾನು ಕಡುಬನ್ನು ದೂರುವವನಲ್ಲ. ಆದರೆ ಮಧ್ಯಾಹ್ನ ಮುದ್ದೆ ಇಲ್ಲದಿದ್ದರೆ ನನಗೆ ಉಂಡಂತಾಗುವುದಿಲ್ಲ, ಸಂಜೆ ನಾಲ್ಕಕ್ಕೆಲ್ಲ ಮತ್ತೆ ಹಸಿವು. ನಮ್ಮ ಸೀಮೆಯ ಗಂಡಸರನ್ನು ಯಾರನ್ನು ಬೇಕಾದರೂ ಕೇಳಿ.

ಏಳನೆಯ ಮನೆಯವರು ಒಬ್ಬ ಹೆಂಗಸು. ದನಿಯಲ್ಲಿ ನಡುವಯಸ್ಸಿನವರು, ಮಾತು ನಿಧಾನ. ಬೆಳಗಿನ ತಿಂಡಿ ಮತ್ತು ರಾತ್ರಿಯ ಊಟ ತಾವೇ ಕೊಡುತ್ತೇವೆ, ಮಧ್ಯಾಹ್ನಕ್ಕೆ ಬೇಕಾದರೆ ನಿಮ್ಮ ಕೋಣೆಯ ಪಕ್ಕದಲ್ಲೇ ಒಂದು ಸಣ್ಣ ಅಡುಗೆಮನೆ ಇದೆ, ಗ್ಯಾಸ್ ಇದೆ, ಪಾತ್ರೆ ಇದೆ ಎಂದರು. ನಾನು ಅಲ್ಲೇ ಗೊತ್ತು ಮಾಡಿದೆ. ಪುಸ್ತಕದಲ್ಲಿ 'ಅಡುಗೆಮನೆ: ಇದೆ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ.

ಆ ಹಾಳೆಯನ್ನು ಹೆಂಡತಿಗೆ ತೋರಿಸಿದಾಗ ಅವಳು ಬೀನ್ಸ್ ಮುರಿಯುತ್ತಿದ್ದಳು. ಎರಡು ಗೆರೆಗಳ ಮೇಲೆ ಕಣ್ಣಿಟ್ಟಳು.

"ಅಲ್ಲಿ ಮುದ್ದೆ ಯಾರು ತಿರುವ್ತಾರೆ?" ಎಂದು ಕೇಳಿದಳು.

"ಇನ್ಯಾರು" ಎಂದೆ.

ಹೇಳಿ ಮುಗಿಸುವಷ್ಟರಲ್ಲಿ ನನಗೆ ಗೊತ್ತಾಗಿತ್ತು. ಆದರೆ ಹೊರಟ ಬಸ್ಸನ್ನು ಸೀಟಿ ಊದಿ ನಿಲ್ಲಿಸಬಹುದು, ಹೊರಟ ಮಾತನ್ನು ನಿಲ್ಲಿಸಲಾಗದು. ಅವಳು ಕೂಗಾಡಲಿಲ್ಲ. ಬೀನ್ಸ್ ಮುರಿದು ಮುಗಿಸಿ, ನಾರನ್ನು ಬಾಚಿ, ಎದ್ದು ಹೋಗಿ ತಂಗಿಗೆ ಫೋನು ಮಾಡಿದಳು. ಬಾಗಿಲು ಮುಚ್ಚಿಕೊಂಡರೂ ಮಾತು ಕೇಳಿಸುತ್ತಿತ್ತು, ಕೇಳಿಸಲೆಂದೇ ಆಡುತ್ತಿದ್ದಳೋ ಏನೋ.

"ಇಲ್ಲಿ ಒಲೆ ಸಾಲ್ದು ಅಂತ ಬೆಟ್ಟದ ಮೇಲೆ ಒಂದು ಒಲೆ ಬಾಡಿಗೆಗೆ ಇಡ್ದವ್ರೆ ಕಣೇ ನಿಮ್ ಭಾವ."

ರಾತ್ರಿ ಊಟಕ್ಕೆ ಕೂತಾಗ ನಿರ್ಧಾರ ಹೇಳಿದಳು. "ನೀವು ಓಗ್ಬನ್ನಿ. ನಾನು ಹೊಸ ಅಗ್ರಾರಕ್ಕೆ ತಂಗಿ ಮನೆಗೆ ಓಯ್ತೀನಿ."

ತಂಗಿಯ ಮನೆ ಕೆ.ಆರ್. ನಗರದ ಕಡೆಯ ಗದ್ದೆ ಸೀಮೆ. ಅಲ್ಲಿ ಎಂಟು ಜನರ ಸಂಸಾರ. ಅಲ್ಲಿಗೆ ಹೋದರೂ ಇವಳು ಒಲೆ ಮುಂದೆಯೇ ನಿಲ್ಲುವವಳು, ಅದೂ ಎಂಟು ಜನಕ್ಕೆ. ಹಾಗೆಂದು ಹೇಳಿದೆ. "ಅಲ್ಲಿ ನಿಂತ್ರೆ ನಂಟಸ್ತನ. ಕಾಸು ಕೊಟ್ಟು ಓಗಿ ನಿಲ್ಲದು ಪೆದ್ದುತನ" ಎಂದು ಎದ್ದಳು.

ಎರಡು ದಿನ ಬಿಟ್ಟು ನಾದಿನಿಯೇ ಬಂದಿಳಿದಳು. ಹೊತ್ತಿಗೆ ಮೊದಲೇ ಬಂದಳು, ಏಕೆಂದರೆ ಆ ದಾರಿಯ ಬಸ್ಸಿನ ಸಮಯ ಈಗ ಬದಲಾಗಿದೆ, ನನಗೆ ಗೊತ್ತಿರಲಿಲ್ಲ. ಚಪ್ಪಲಿ ಬಿಡುತ್ತಲೇ ಶುರುವಾಯಿತು.

"ಏನ್ ಭಾವ, ನಮ್ಮಕ್ಕನ್ನ ಬೆಟ್ಟದ್ ಮೇಲೆ ಮುದ್ದೆ ತಿರುವಕೆ ಕರ್ಕೊಂಡೋಯ್ತಿದ್ದೀರಂತೆ. ಸಂಬಳ ಎಷ್ಟು ಗೊತ್ ಮಾಡೀರಿ?"

"ಕೂತ್ಕೊಳವ್ವ, ನೀರು ಕುಡಿ."

"ನೀರು ಆಮೇಲೆ. ನೀವು ಮುದ್ದೆ ಬುಟ್ಟು ನಾಕು ದಿನ ಇರಕಾಯ್ತದಾ?"

"ಆಗಲ್ಲ."

"ಅಕ್ಕ, ನೀನು ಅಲ್ಲಿ ಒಲೆ ಮುಟ್ತೀಯಾ?"

"ಮುಟ್ಟಕಿಲ್ಲ" ಎಂದಳು ನನ್ನ ಹೆಂಡತಿ ಒಳಗಿನಿಂದ.

"ಅಂಗಾರೆ ಇನ್ನೇನು ಉಳೀತು ಭಾವ? ನೀವೇ ಕಲೀರಿ. ಸಾವಿರ ಬಸ್ಸು ಓಡಿಸಿದೋರು, ಒಂದು ಕೋಲು ತಿರುಗ್ಸಕೆ ಆಗಕಿಲ್ವಾ?"

ಷರತ್ತನ್ನೂ ಅವಳೇ ಹಾಕಿದಳು. ಹೊರಡುವುದಕ್ಕೆ ಹನ್ನೊಂದು ದಿನ ಇತ್ತು. ಹತ್ತನೆಯ ದಿನ ತಾನು ಬರುತ್ತೇನೆ, ಭಾವ ಮೂರು ಮುದ್ದೆ ಕಟ್ಟಿ ಇಡಬೇಕು, ಮೂರರಲ್ಲೂ ಗಂಟಿರಬಾರದು. ಗಂಟಿಲ್ಲದಿದ್ದರೆ ಅಕ್ಕ ಬೆಟ್ಟಕ್ಕೆ, ಇದ್ದರೆ ಅಕ್ಕ ತನ್ನ ಜೊತೆ. ನನ್ನ ಹೆಂಡತಿ ಬಾಗಿಲಿಗೆ ಒರಗಿ ನಿಂತು ಎಲ್ಲ ಕೇಳಿಸಿಕೊಂಡಳು. ಕ್ಯಾಲೆಂಡರಿನ ಕಡೆ ಒಮ್ಮೆ ನೋಡಿದಳು. ಹೋಗಬೇಕೆಂದು ಅವಳಿಗೆ ಎಷ್ಟು ಆಸೆ ಇದೆಯೆಂದು ಆ ನೋಟದಲ್ಲಿ ತಿಳಿಯಿತು.

ಮರುದಿನ ಹನ್ನೆರಡು ಗಂಟೆಗೆ ಶಿಕ್ಷಣ ಆರಂಭ. ಹೆಂಡತಿ ನಡುಮನೆಯ ಕುರ್ಚಿಯಲ್ಲಿ ಕೂತಳು. ಹೊಸಿಲು ದಾಟುವುದಿಲ್ಲ, ಕೇಳಿದ್ದಕ್ಕೆ ಮಾತ್ರ ಅಲ್ಲಿಂದಲೇ ಉತ್ತರ ಎಂದಳು.

"ನೀರು ಎಷ್ಟು?"

"ಬೇಕಾದಷ್ಟು."

"ಲೋಟದ ಲೆಕ್ಕ ಹೇಳು."

"ಲೋಟ ಯಾರಿಗ್ ಗೊತ್ತು? ಕಣ್ಣಂದಾಜು ಕಣ್ರೀ."

ನನ್ನ ಕಣ್ಣು ಬಸ್ಸಿನ ಫಲಕ ಓದಲು ಪಳಗಿದ್ದು, ನೀರಿಗಲ್ಲ. ಅಂದಾಜಿನ ಮೇಲೆ ಮೂರು ಲೋಟ ಇಟ್ಟೆ. ನೀರು ಕುದಿಯಿತು, ರಾಗಿ ಹಿಟ್ಟು ಸುರಿದೆ, ಕೂಡಲೇ ಕೋಲು ಹಿಡಿದು ತಿರುವಲು ತೊಡಗಿದೆ. ಪಾತ್ರೆಯೂ ಕೋಲಿನ ಜೊತೆಗೇ ತಿರುಗಿತು. ನಾನು ಸುತ್ತಿದಷ್ಟೂ ಅದು ಸುತ್ತಿತು, ಒಳಗಿನ ಹಿಟ್ಟು ಮಾತ್ರ ಕದಲಲಿಲ್ಲ. ನಡುಮನೆಯಿಂದ ಸಲಹೆ ಬಂತು: ಕೆಳಗಿಳಿಸಿ, ಬಟ್ಟೆ ಸುತ್ತಿ, ಎರಡು ಪಾದದ ನಡುವೆ ಅದುಮಿ ಹಿಡಿಯಬೇಕು. ಮಣೆಯ ಮೇಲೆ ಕೂತೆ. ಕೂರುವುದಕ್ಕೆ ಒಂದು ನಿಮಿಷ ಬೇಕಾಯಿತು, ಏಳುವುದಕ್ಕೆ ನಾಲ್ಕು.

ಆ ದಿನದ ಮುದ್ದೆಯನ್ನು ಮುರಿದರೆ ಒಳಗೆ ನೆಲ್ಲಿಕಾಯಿಯಷ್ಟು ಗಂಟುಗಳು, ಗಂಟನ್ನು ಒಡೆದರೆ ಅದರೊಳಗೆ ಒಣ ಹಿಟ್ಟು ಬೆಚ್ಚಗೆ ಮಲಗಿತ್ತು. ಮನೆಯಲ್ಲಿ ತಿನ್ನುವವರಿಲ್ಲ. ಪಕ್ಕದ ಮನೆಯ ಅಜ್ಜಿಗೆ ಒಂದು ಹಸುವಿದೆ, ತಟ್ಟೆ ಹಿಡಿದು ಅಲ್ಲಿಗೆ ಹೋದೆ. ಹಸು ತಿಂದಿತು. ಎರಡನೆಯ ದಿನವೂ ತಿಂದಿತು. ಮೂರನೆಯ ದಿನ ನಾನು ಬೇಲಿಯ ಹತ್ತಿರ ಬರುವಾಗಲೇ ಅದು ಕೊಟ್ಟಿಗೆಯ ಕಡೆಗೆ ತಿರುಗಿ ನಿಂತಿತು.

"ಬೇಜಾರ್ ಮಾಡ್ಕಬೇಡ ಕಣಪ್ಪ" ಎಂದಿತು ಅಜ್ಜಿ. "ನೀನು ಒಳ್ಳೇನೆ. ಅದುಕ್ಕೆ ನಿನ್ ತಟ್ಟೆ ಕಂಡ್ರಾಗದು."

ತಪ್ಪು ಎಲ್ಲಿದೆಯೆಂದು ಕೊನೆಗೂ ತಿಳಿಯಿತು. ನಾಲ್ಕನೆಯ ದಿನ ಹೆಂಡತಿ ಕುರ್ಚಿಯನ್ನು ಹೊಸಿಲಿನ ತನಕ ಎಳೆದುಕೊಂಡು ಬಂದು, ಹೊಸಿಲು ಮಾತ್ರ ದಾಟದೆ, ಕತ್ತು ಚಾಚಿ ನೋಡಿದಳು. ಹಿಟ್ಟು ಸುರಿದ ಕ್ಷಣವೇ ನಾನು ಕೋಲು ಹಾಕಿದ್ದನ್ನು ಕಂಡು ಹಣೆ ಚಚ್ಚಿಕೊಂಡಳು.

"ಯಾಕ್ ಮುಟ್ತೀರಿ? ನೀರಿನ್ ಮೇಲೆ ಹಿಟ್ಟು ಗುಡ್ಡೆಯಂಗೆ ಕೂತ್ಕಬೇಕು. ನಡೂಕೆ ಕೋಲು ನಿಲ್ಸಿ, ಮುಚ್ಚಿ, ಆಚೆಗ್ ಬನ್ನಿ. ಅದು ಸುಮ್ನೆ ಕೂತು ಬೇಯ್ಬೇಕು."

"ಎಷ್ಟು ಹೊತ್ತು?"

"ಬೇಯೋಗಂಟ."

"ನಾನೇನು ಮಾಡಲಿ ಅಲ್ಲಿತನಕ?"

"ಏನೂ ಮಾಡ್ಬೇಡಿ."

ಆ ಏನೂ ಮಾಡದಿರುವ ಹೊತ್ತು ಎಂಟು ನಿಮಿಷ ಎಂದು ಆಮೇಲೆ ಗಡಿಯಾರ ಇಟ್ಟು ಕಂಡುಕೊಂಡೆ. ಬಹಳ ದೊಡ್ಡ ಎಂಟು ನಿಮಿಷ. ಮೊದಲ ಸಲ ಎರಡನೆಯ ನಿಮಿಷಕ್ಕೆ ಮುಚ್ಚಳ ತೆಗೆದೆ. ಎರಡನೆಯ ಸಲ ನಾಲ್ಕನೆಯ ನಿಮಿಷಕ್ಕೆ. ಆರನೆಯ ದಿನದಿಂದ ಹಿತ್ತಿಲಿಗೆ ಹೋಗಿ ಬಟ್ಟೆ ಒಣಗಿಸುವ ದಾರದ ಕ್ಲಿಪ್ಪುಗಳನ್ನು ಬಣ್ಣದ ಪ್ರಕಾರ ಜೋಡಿಸಿ ಬರತೊಡಗಿದೆ. ಮುದ್ದೆಯ ಗಂಟು ಕಡಲೆಕಾಳಿನ ಗಾತ್ರಕ್ಕೆ ಇಳಿಯಿತು. ಜೊತೆಗೆ ಒಂದೆರಡು ಸಾರನ್ನೂ ಕಲಿತೆ. ಎಂಟನೆಯ ದಿನ ನನ್ನ ಬಲತೋಳು ಮೇಲೆತ್ತಲು ಬರದೆ ಎಡಗೈಯಲ್ಲಿ ಹಲ್ಲುಜ್ಜಿದೆ. ನಲವತ್ತೊಂದು ವರ್ಷ ಇದನ್ನೇ ಮಾಡಿದ ತೋಳುಗಳ ಕಡೆ ಊಟದ ಹೊತ್ತಿನಲ್ಲಿ ಕಣ್ಣು ಹಾಯಿಸಿದೆ. ಅವು ಉಪ್ಪಿನಕಾಯಿ ಭರಣಿಯ ಮುಚ್ಚಳ ಬಿಗಿಯುತ್ತಿದ್ದವು. ಆ ಮುಚ್ಚಳವನ್ನು ತೆಗೆಯಲು ನನಗೆ ಎಂದೂ ಆಗಿಲ್ಲ.

ಹತ್ತನೆಯ ದಿನ ನಾದಿನಿ ಒಂದು ಡಬ್ಬಿಯಲ್ಲಿ ಉಪ್ಸಾರು, ಇನ್ನೊಂದರಲ್ಲಿ ಖಾರ ತಂದಿದ್ದಳು. ಪರೀಕ್ಷೆ ನೋಡುವವರ ಮುಖ ಹೇಗಿರಬೇಕೋ ಹಾಗೆ ಇತ್ತು. ನಾನು ಎಸರಿಟ್ಟೆ. ಹಿಟ್ಟು ಗುಡ್ಡೆ ಮಾಡಿದೆ. ಕೋಲು ನಿಲ್ಲಿಸಿ, ಮುಚ್ಚಿ, ಹಿತ್ತಿಲಿಗೆ ಹೋಗಿ ಕ್ಲಿಪ್ಪು ಜೋಡಿಸಿದೆ. ಬಂದು ಪಾತ್ರೆ ಇಳಿಸಿ, ಪಾದದ ನಡುವೆ ಹಿಡಿದು ತಿರುವಿದೆ. ಒದ್ದೆ ಕೈಯಲ್ಲಿ ಮೂರು ಉಂಡೆ ಕಟ್ಟಿದೆ. ಹೊರಗಿನಿಂದ ನೋಡಲು ಅವು ನುಣ್ಣಗೆ, ಮಿರಿಮಿರಿ ಮಿಂಚುತ್ತಿದ್ದವು.

ನಾದಿನಿ ಮೊದಲನೆಯದನ್ನು ಎರಡು ಕೈಯಲ್ಲಿ ಬಿಡಿಸಿ, ಚಿನ್ನದ ಅಂಗಡಿಯವನ ಹಾಗೆ ಬೆಳಕಿಗೆ ಹಿಡಿದು ನೋಡಿದಳು. ಪಾಸು. ಎರಡನೆಯದು ಪಾಸು. ಮೂರನೆಯದರ ನಡುವೆ ಅವಳ ಬೆರಳು ನಿಂತಿತು.

"ಒಂದದೆ ಭಾವ."

"ಎಷ್ಟು ದೊಡ್ಡದು?"

"ಸಾಸಿವೆಗಿಂತ ದೊಡ್ಡದು. ಮೆಣಸಿಗಿಂತ ಚಿಕ್ಕದು."

"ಅದು ಗಂಟಲ್ಲ, ತರಿ."

"ತರಿಯಾದ್ರೆ ಇಚುಕಿದ್ರೆ ಪುಡಿಯಾಗ್ತಿರಲಿಲ್ಲ. ನೋಡಿ, ಪುಡಿಯಾಯ್ತದೆ. ಗಂಟೇ ಕಣ್ ಭಾವ."

ನಾನು ಸಾಕ್ಷಿಗೆಂದು ಹೆಂಡತಿಯ ಕಡೆ ನೋಡಿದೆ. ಅವಳು ಹೊಸಿಲಿನ ಮೇಲೆ ನಿಂತಿದ್ದಳು. ಮುಖದಲ್ಲಿ ಗೆಲುವೂ ಇರಲಿಲ್ಲ, ತಮಾಷೆಯೂ ಇರಲಿಲ್ಲ. ಬಸ್ಸು ತುಂಬಿದೆ ಎಂದು ಕಂಡಕ್ಟರ್ ಬಾಗಿಲು ಹಾಕುವಾಗ ಕೆಳಗೆ ನಿಂತವರ ಮುಖವನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ, ಹಾಗಿತ್ತು.

ಅವಳು ಬಂದು ತಂಗಿಯ ಬೆರಳ ತುದಿಯಿಂದ ಆ ಗಂಟನ್ನು ತೆಗೆದುಕೊಂಡು, ಉಪ್ಸಾರಿನ ಖಾರಕ್ಕೆ ಒತ್ತಿ, ಬಾಯಿಗೆ ಹಾಕಿ ನುಂಗಿದಳು.

"ಎಲ್ಲದೆ ಗಂಟು?" ಎಂದಳು.

"ಅಕ್ಕ, ಈಗ ನೀನೇ ನುಂಗ್ಬುಟ್ಟಲ್ಲ."

"ಸಾಕ್ಷಿ ಇಲ್ಲ ಬುಡು. ಊಟಕ್ ಕೂತ್ಕೊ."

ಹೀಗೆ ನಾನು ಪಾಸಾದೆ.

ಹೊರಟ ದಿನ ಬಸ್ಸು ಏಳು ನಿಮಿಷ ತಡ. ಮುದ್ದೆಕೋಲು ಚೀಲದಲ್ಲಿ ಹಿಡಿಸದೆ ಅರ್ಧ ಹೊರಗೆ ಚಾಚಿಕೊಂಡಿತ್ತು. ಕಂಡಕ್ಟರ್ ಟಿಕೆಟ್ ಕೊಡುತ್ತ ಅದನ್ನೇ ನೋಡಿದ.

"ಯಜಮಾನ್ರೇ, ಏನದು ದೊಣ್ಣೆ? ಗಲಾಟೆಗೆ ಓಯ್ತಿದ್ದೀರಾ?"

"ಮುದ್ದೆಕೋಲು."

"ಅಲ್ಲಿ ಅಡ್ಗೆ ಕಂಟ್ರಾಕ್ಟಾ ಅಮ್ಮಂಗೆ?"

"ಅಡ್ಗೆ ಅವ್ರುದು" ಎಂದು ನನ್ನ ಹೆಂಡತಿ ಕಿಟಕಿಯ ಕಡೆ ನೋಡುತ್ತ ಹೇಳಿದಳು. "ನಾನು ಬರೀ ಪ್ಯಾಸೆಂಜರ್ರು."

ಕಂಡಕ್ಟರ್ ನನ್ನನ್ನು ಒಂದು ಸಲ ಮೇಲಿನಿಂದ ಕೆಳಗೆ ನೋಡಿ, ಮುಂದಿನ ಸೀಟಿಗೆ ಹೋದ. ಪಿರಿಯಾಪಟ್ಟಣದಲ್ಲಿ ಹತ್ತಿದ ಹೆಂಗಸರಿಗೆಲ್ಲ ಅವನೇ ಕೋಲು ತೋರಿಸಿ ವಿಷಯ ತಿಳಿಸಿದ. ಅವರು ನನ್ನ ಕಡೆ ಅಲ್ಲ, ನನ್ನ ಹೆಂಡತಿಯ ಕಡೆ ನೋಡಿದರು, ಲಾಟರಿ ಹೊಡೆದವಳನ್ನು ನೋಡುವ ಹಾಗೆ.

ಹೋಂಸ್ಟೇ ಚೆನ್ನಾಗಿತ್ತು. ಮೆಟ್ಟಿಲಿರಲಿಲ್ಲ, ನಾಯಿ ಕಟ್ಟಿತ್ತು. ಜಗುಲಿಯಲ್ಲಿ ಒಂದು ಬೆತ್ತದ ಕುರ್ಚಿ, ಎದುರಿಗೆ ಕಾಫಿ ಗಿಡದ ಇಳಿಜಾರು, ಅದರಾಚೆ ಒಂದರ ಹಿಂದೆ ಒಂದು ಬೆಟ್ಟ. ಹೆಂಡತಿ ಆ ಕುರ್ಚಿಯಲ್ಲಿ ಕೂತಳು. ಮಧ್ಯಾಹ್ನ ಹನ್ನೆರಡಕ್ಕೆ ನಾನು ಟವೆಲು ಹೆಗಲಿಗೆ ಹಾಕಿಕೊಂಡು ಅಡುಗೆಮನೆ ಸೇರಿದೆ. ಮನೆಯ ಯಜಮಾನಿ ಕಿಟಕಿಯಿಂದ ನನ್ನನ್ನು ಕಂಡು ಗಾಬರಿಯಾಗಿ ಒಂದು ಲೋಟ ಮೆಣಸಿನ ಕಷಾಯ ಹಿಡಿದು ಜಗುಲಿಗೆ ಓಡಿಬಂದರು.

"ಅಮ್ಮನಿಗೆ ಹುಷಾರಿಲ್ವಾ? ನನಗೊಂದು ಮಾತು ಹೇಳೋದಲ್ವಾ."

ಹುಷಾರಾಗಿದ್ದೇನೆ ಎಂದು ಇವಳು ಹೇಳುತ್ತಾಳೆ ಎಂದು ನಾನು ಒಳಗಿನಿಂದ ಕಾದೆ. ಇವಳು ಕಷಾಯ ತೆಗೆದುಕೊಂಡು, "ಸ್ವಲ್ಪ ಬೆಲ್ಲ ಇದ್ರೆ ಕೊಡಿ" ಎಂದಳು. ಸಂಜೆ ಇನ್ನೊಂದು ಲೋಟ ಬಂತು. ಮರುದಿನ ಒಂದು ಕಂಬಳಿಯೂ ಬಂತು.

ಎರಡನೆಯ ದಿನ ಮುದ್ದೆಯಲ್ಲಿ ಎರಡು ಗಂಟಿದ್ದವು, ಆದರೆ ಅವಳು ಅವನ್ನು ಎತ್ತಿ ಪಕ್ಕಕ್ಕಿಟ್ಟು ಉಳಿದದ್ದನ್ನು ಉಂಡಳು. ಅಪಾಯ ಬಂದದ್ದು ಮೂರನೆಯ ದಿನ. ಯಜಮಾನಿ ಹೊತ್ತಿಗೆ ಸರಿಯಾಗಿ ಬಂದು, ತಾವು ಈವರೆಗೆ ಮುದ್ದೆ ಮಾಡುವುದನ್ನು ಕಂಡಿಲ್ಲವೆಂದೂ, ಮೈಸೂರು ಕಡೆಯ ಅತಿಥಿಗಳು ಕೇಳುತ್ತಾರೆಂದೂ ಹೇಳಿ, ನನ್ನ ಹೆಂಡತಿಯ ಕೈ ಹಿಡಿದರು.

"ಈಗ ಹುಷಾರಾಗಿದ್ದೀರಲ್ಲ ಅಮ್ಮ. ಒಂದೇ ಒಂದ್ಸಲ ತೋರಿಸಿಕೊಡಿ. ಹೆಂಗಸರ ಕೈ ಬೇರೆ ಅಲ್ವಾ."

ಇಂಥ ಮಾತಿಗೆ ಇಲ್ಲ ಎನ್ನುವ ಅಭ್ಯಾಸ ನನ್ನ ಹೆಂಡತಿಗೆ ಇಲ್ಲ. ಯಾರಾದರೂ ಕೇಳಿದರೆ ಅವಳ ಕೈ ಅವಳನ್ನು ಕೇಳದೆ ಏಳುತ್ತದೆ. ಆಗಲೂ ಕುರ್ಚಿಯ ಹಿಡಿಕೆಗಳ ಮೇಲೆ ಕೈಯೂರಿ ಅರ್ಧ ಎದ್ದಿದ್ದಳು, ಸೆರಗು ಸೊಂಟಕ್ಕೆ ಹೋಗುತ್ತಿತ್ತು. ಮೂರು ದಿನ ಕಾಪಾಡಿಕೊಂಡು ಬಂದದ್ದು ಇನ್ನು ಎರಡು ಹೆಜ್ಜೆಯಲ್ಲಿ ಮುಗಿದುಹೋಗುತ್ತಿತ್ತು. ನಾನು ಕೋಲು ಹಿಡಿದುಕೊಂಡೇ ಜಗುಲಿಗೆ ಬಂದು ನಡುವೆ ನಿಂತೆ.

"ಅವಳಿಗೆ ಬರಲ್ಲ" ಎಂದೆ.

ಯಜಮಾನಿ ಅವಳ ಮುಖ ನೋಡಿದರು. ನಲವತ್ತೊಂದು ವರ್ಷದ ಕೈಗುಣ ಅವಳ ಮುಖದಲ್ಲಿ ಒಂದು ಸಲ ಕುದ್ದು ಮೇಲೆ ಬಂದದ್ದನ್ನು ನಾನು ಕಂಡೆ. ರಾವಂದೂರಿನಲ್ಲಿ ಯಾರಾದರೂ ಹೀಗೆಂದಿದ್ದರೆ ಊರೇ ನಗುತ್ತಿತ್ತು. ಅವಳು ಬೆಟ್ಟದ ಕಡೆ ನೋಡಿದಳು. ಆಮೇಲೆ ನಿಧಾನವಾಗಿ ಮತ್ತೆ ಕುರ್ಚಿಗೆ ಒರಗಿದಳು.

"ದಿಟ ಕಣವ್ವ" ಎಂದಳು. "ನಂಗ್ ಬರಕಿಲ್ಲ. ಅವ್ರುನ್ನೇ ಕೇಳಿ."

ನಾನು ಯಜಮಾನಿಗೆ ಕಲಿಸಿದೆ. ಗುಡ್ಡೆ ಮಾಡಿ, ಕೋಲು ನಿಲ್ಲಿಸಿ, ಮುಚ್ಚಿ, ಎಂಟು ನಿಮಿಷ ಮುಟ್ಟಬೇಡಿ ಎಂದೆ. ಅವರು ಮೂರನೆಯ ನಿಮಿಷಕ್ಕೇ ಮುಚ್ಚಳಕ್ಕೆ ಕೈ ಹಾಕಿದರು. ಬೈದೆ.

ನಾಲ್ಕನೆಯ ದಿನ, ನಮ್ಮ ಕೊನೆಯ ದಿನ, ಮುದ್ದೆ ಕಟ್ಟಿ ಹನ್ನೆರಡು ಮುಕ್ಕಾಲಿಗೆ ಸರಿಯಾಗಿ ಎರಡು ತಟ್ಟೆ ಹಿಡಿದು ಜಗುಲಿಗೆ ಬಂದೆ. ಕಟ್ಟುವಾಗಲೇ ಕೈಗೆ ತಿಳಿದಿತ್ತು, ಒಂದು ಗಂಟೂ ಇಲ್ಲ, ಬೆಣ್ಣೆಯಂತೆ ಬಂದಿದೆ. ನೋಡಬೇಕಾದವಳು ಮಾತ್ರ ಕುರ್ಚಿಯಲ್ಲಿ ನಿದ್ದೆ ಹೋಗಿದ್ದಳು. ತಲೆ ಒಂದು ಕಡೆ ವಾಲಿ, ಬಾಯಿ ಸ್ವಲ್ಪ ತೆರೆದಿತ್ತು, ಸಣ್ಣಗೆ ಗೊರಕೆ. ಹಗಲಿನಲ್ಲಿ ಅವಳು ನಿದ್ದೆ ಮಾಡಿದ್ದನ್ನು ನಾನು ಬಾಣಂತನದಲ್ಲಿ ಬಿಟ್ಟರೆ ನೋಡಿರಲಿಲ್ಲ.

ಮುದ್ದೆಯನ್ನು ಬಿಸಿಯಿರುವಾಗಲೇ ಉಣ್ಣಬೇಕು. ಅದರಲ್ಲಿ ಎರಡು ಮಾತಿಲ್ಲ. ಹೊತ್ತಾಯಿತು ಎಂದು ಮಲಗಿದವರನ್ನು ಎಬ್ಬಿಸುವುದರಲ್ಲಿ ನಾನು ಜೀವನವಿಡೀ ಯಾರಿಗೂ ಹಿಂಜರಿದವನಲ್ಲ. ರಾತ್ರಿ ತಂಗಿದ ಬಸ್ಸುಗಳ ಡ್ರೈವರುಗಳನ್ನು ಕೇಳಿ ನೋಡಿ. ಬಾಯಿ ತೆರೆದೆ. ಮುಚ್ಚಿದೆ. ಅವಳ ತಟ್ಟೆಯನ್ನು ಮುಚ್ಚಿಟ್ಟು, ಪಕ್ಕದ ಸ್ಟೂಲಿನ ಮೇಲೆ ಕೂತು, ಸದ್ದಾಗದ ಹಾಗೆ ನನ್ನ ಮುದ್ದೆ ನುಂಗಿದೆ. ಮುದ್ದೆ ಸದ್ದು ಮಾಡುವ ಪದಾರ್ಥವಲ್ಲ, ಅದೊಂದು ಅನುಕೂಲ. ಆಮೇಲೆ ಕೂತೇ ಇದ್ದೆ. ಇಳಿಜಾರಿನಲ್ಲಿ ಯಾರೋ ಒಣ ಎಲೆ ಗುಡಿಸುತ್ತಿದ್ದರು. ಗಡಿಯಾರ ಎರಡು ಸಲ ನೋಡಿದೆ, ಮೂರನೆಯ ಸಲ ಬಿಚ್ಚಿ ಜೇಬಿಗೆ ಹಾಕಿದೆ.

ಅವಳು ಎದ್ದಾಗ ಬಿಸಿಲು ಜಗುಲಿಯ ಅಂಚಿಗೆ ಬಂದಿತ್ತು. "ಯಾಕ್ ಎಬ್ಬಿಸ್ಲಿಲ್ಲ?" ಎಂದಳು. ತಟ್ಟೆ ತೆಗೆದು ನೋಡಿದಳು. ಮುದ್ದೆ ಕಲ್ಲಾಗಿತ್ತು. ನಾನು ಯಜಮಾನಿಯಿಂದ ಮಜ್ಜಿಗೆ ತಂದು, ಈರುಳ್ಳಿ ಕತ್ತರಿಸಿ ಕೊಟ್ಟೆ. ತಣ್ಣನೆಯ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ, ಕಾಲು ಚಾಚಿಕೊಂಡು, ಲೋಟ ಲೋಟವಾಗಿ ಕುಡಿದಳು. ಗಂಟಿಲ್ಲ ಎಂಬುದನ್ನು ನಾನೇ ಹೇಳಬೇಕಾಯಿತು. ಮಜ್ಜಿಗೆಯಲ್ಲಿ ಕಿವುಚಿದ ಮೇಲೆ ಗಂಟು ಹುಡುಕುವವರು ಯಾರು.

ಬಾಯಿ ಒರೆಸಿಕೊಂಡು, ಕಂಬಳಿಯನ್ನು ಮಂಡಿಯ ಮೇಲೆ ಎಳೆದುಕೊಂಡಳು.

"ನಾಳೆ ಮಧ್ಯಾನಕ್ಕೆ ಏನ್ ಸಾರು?" ಎಂದಳು.

"ನಾಳೆ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ನಮ್ಮ ಬಸ್ಸು."

ಬೆಟ್ಟದ ಕಡೆ ನೋಡುತ್ತಿದ್ದವಳು ನಿಧಾನವಾಗಿ ಮತ್ತೆ ಕಣ್ಣು ಮುಚ್ಚಿದಳು.

ನಾನು ಕೆಳಗೆ ಯಜಮಾನಿಯ ಮನೆಗೆ ಹೋಗಿ, ಕೋಣೆ ಇನ್ನೊಂದು ದಿನಕ್ಕೆ ಸಿಗುತ್ತದೆಯೇ ಎಂದು ಕೇಳಿದೆ. ಸಿಗುತ್ತದೆ ಎಂದರು. ಹುರುಳಿಕಾಳು ಇದೆಯೇ ಎಂದು ಕೇಳಿದೆ. ಅದೂ ಇತ್ತು. ಕಾಳು ನೆನೆಯಲು ರಾತ್ರಿಯಿಡೀ ಬೇಕು. ತಂದ ಕೂಡಲೇ ನೆನೆಹಾಕಿದೆ.